ಶ್ರುತಿ ಎಷ್ಟು ಎಂದು ಕೇಳುವ ಕಾಲಂ ಇಲ್ಲ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಶಾಲೆಗಳಿಗೆ ಯಕ್ಷಗಾನದ ಚರ್ಮವಾದ್ಯಗಳಾದ ಚಂಡೆ, ಮದ್ದಳೆ ಕೊಳ್ಳುವ ರೀತಿ ಮತ್ತು ಅವನ್ನು ಮಾಡುವ ನಮ್ಮೂರಿನವರ ಪಾಡು.

ಮಾನ್ಯರೇ,

ನಾನು ಹೊನ್ನಾವರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಕಳೆದ ವರ್ಷ ನಿವೃತ್ತಳಾದವಳು. ನಿವೃತ್ತಿ ಆಗದೇ ಇದ್ದಿದ್ದರೆ ಈ ಪತ್ರ ಬರೆಯುವ ಧೈರ್ಯ ಬರುತ್ತಿರಲಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಈಗಲೂ ಶನಿವಾರ ಮಧ್ಯಾಹ್ನ ಶಾಲೆಗೆ ಹೋಗುತ್ತೇನೆ. ಮಕ್ಕಳಿಗೆ ಯಕ್ಷಗಾನ ಕಲಿಸಲು ಗುರುಗಳು ಬರುತ್ತಾರೆ. ನಾನು ತಾಳ ಹಿಡಿದು ಒಂದು ಮೂಲೆಯಲ್ಲಿ ಕೂರುತ್ತೇನೆ, ಮಧ್ಯೆ ಚಹಾ, ಅವಲಕ್ಕಿ ನೋಡಿಕೊಳ್ಳುತ್ತೇನೆ. ಇದು 1934ರಲ್ಲಿ ಯಕ್ಷಗಾನ ತಂಡವಾದ ಇಡಗುಂಜಿ ಮೇಳ ಶುರುವಾದ ತಾಲೂಕು. ಇಲ್ಲಿ ಮಕ್ಕಳಿಗೆ ಯಕ್ಷಗಾನದ ಹುಚ್ಚು ಹಿಡಿಸುವುದು ಕಷ್ಟವಲ್ಲ, ಬಿಡಿಸುವುದು ಕಷ್ಟ.

ದೂರು ಹೇಳುವ ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನಿನ್ನೂ ಸರ್ವಿಸ್‌ನಲ್ಲಿದ್ದಾಗ ಶಾಲೆಗೆ ಒಂದು ಮದ್ದಳೆ, ಒಂದು ಚಂಡೆ ಬೇಕೆಂದು ಅರ್ಜಿ ಹಾಕಿದ್ದೆವು. ಅಲ್ಲಿಯವರೆಗೆ ಪಕ್ಕದ ಊರಿನ ಹವ್ಯಾಸಿ ಸಂಘದವರ ಹತ್ತಿರ ಕೇಳಿ ತರುತ್ತಿದ್ದೆವು. ಅವರದ್ದೇ ಯಕ್ಷಗಾನದ ಆಟ ಇದ್ದ ದಿನ ನಮ್ಮ ಮಕ್ಕಳಿಗೆ ಬೆಂಚೇ ಮದ್ದಳೆ. ಅರ್ಜಿಗೆ ಒಪ್ಪಿಗೆ ಬಂತು. ಯಾರ ಹತ್ತಿರ ಮಾಡಿಸಬೇಕು ಅನ್ನುವುದು ನಮ್ಮ ಗುರುಗಳಿಗೆ ಗೊತ್ತಿತ್ತು. ಘಟ್ಟದ ಬುಡದ ಒಂದು ಹಳ್ಳಿಯಲ್ಲಿ ಮದ್ದಳೆ, ಚಂಡೆ ಮಾಡುವ ಆಚಾರ್ರು ಇದ್ದಾರೆ, ಸುತ್ತಲಿನ ಮೇಳದವರೆಲ್ಲ ಅವರ ಹತ್ತಿರವೇ ಹೋಗುವುದು. ಅವರಿಂದ ಒಂದು ಕೊಟೇಶನ್ ತರಿಸಿ ಕಳಿಸಿದೆವು. ಅದು ಹೋದಷ್ಟೇ ಬೇಗ ವಾಪಸ್ ಬಂತು. ಜಿಎಸ್‌ಟಿ ನಂಬರ್ ಇಲ್ಲ, ಅಚ್ಚು ಹಾಕಿದ ಬಿಲ್ ಪುಸ್ತಕ ಇಲ್ಲ, ಮೂರು ಕೊಟೇಶನ್ ಇಲ್ಲ. ಖರೀದಿಯನ್ನು ಕಚೇರಿಯವರೇ ಮಾಡಿ ಕಳಿಸಿದರು, ಬೇರೆ ಶಾಲೆಗಳದ್ದೂ ಸೇರಿಸಿ, ದೂರದ ಒಂದು ಅಂಗಡಿಯಿಂದ. ಯಾವ ಕಚೇರಿ, ಯಾವ ಅಂಗಡಿ ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಗುಮಾಸ್ತರು ತಮ್ಮ ಮುಂದಿದ್ದ ನಮೂನೆ ತುಂಬಿದರು, ಅಷ್ಟೆ. ನನ್ನ ತಕರಾರು ಆ ನಮೂನೆಯ ಮೇಲೆ.

ಏಪ್ರಿಲ್‌ನಲ್ಲಿ ವಾದ್ಯ ಬಂದವು. ಥರ್ಮಾಕೋಲ್ ಬಿಚ್ಚಿದಾಗ ಮಕ್ಕಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಪಾಲಿಶ್ ಎಷ್ಟು ಜೋರು ಅಂದರೆ ಮದ್ದಳೆಯಲ್ಲಿ ಮುಖ ಕಾಣುತ್ತಿತ್ತು. ಗುರುಗಳು ಎರಡು ಪೆಟ್ಟು ಹಾಕಿ ಸುಮ್ಮನಾದರು. ನಾನು ಕೇಳಿದ್ದಕ್ಕೆ, ‘ನೋಡುವಾ ಅಕ್ಕೋರೆ, ಮಳೆ ಬರಲಿ’ ಅಂದರು. ಆಗ ನನಗೆ ಅರ್ಥ ಆಗಲಿಲ್ಲ.

ಜುಲೈ ಮೊದಲ ವಾರದಲ್ಲಿ ಅರ್ಥವಾಯಿತು. ಒಂಬತ್ತನೇ ಕ್ಲಾಸಿನ ಹುಡುಗ ನುಡಿಸುತ್ತಿದ್ದವನು ನಿಲ್ಲಿಸಿ, ಅಂಗೈ ನನ್ನ ಮುಂದೆ ಹಿಡಿದ. ಕೈ ತುಂಬ ಕರಿ ಚಕ್ಕೆ. ‘ಅಕ್ಕೋರೆ, ಮದ್ದಳೆ ಉದುರ್ತದೆ’ ಅಂದ. ಬಲಗಡೆಯ ಮುಚ್ಚಿಗೆಯ, ಅಂದರೆ ಚರ್ಮದ ಹೊದಿಕೆಯ, ನಡುವೆ ಇರಬೇಕಾದ ಕರಣೆ ಎಂಬ ಕರಿ ಲೇಪ ಅರ್ಧಕ್ಕರ್ಧ ಎದ್ದು ಬಂದಿತ್ತು. ಆಗಸ್ಟ್‌ನಲ್ಲಿ ಮರ ಬಿರುಕು ಬಿಟ್ಟಿತು. ಚಂಡೆಯ ಹಗ್ಗವನ್ನು ಎಷ್ಟು ಬಿಗಿದರೂ ಕಾಲು ಗಂಟೆಯಲ್ಲಿ ಸಡಿಲ. ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಮತ್ತೆ ಸಂಘದವರ ಮದ್ದಳೆಯೇ ಗತಿಯಾಯಿತು. ಅಂಗಡಿಗೆ ಫೋನ್ ಮಾಡಿದರೆ, ಚರ್ಮದ ಐಟಂಗೆ ಗ್ಯಾರಂಟಿ ಇಲ್ಲ ಅಂದರು. ಎರಡನೇ ಸಲ ಫೋನ್ ಎತ್ತಲಿಲ್ಲ. ನಾನು ನಿವೃತ್ತಳಾದೆ. ಮದ್ದಳೆ ಕಪಾಟಿನ ಮೇಲೆ ಕೂತಿತು.

ಈ ವರ್ಷ ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಇಬ್ಬರು ಮಕ್ಕಳನ್ನು, ಅದೇ ಮದ್ದಳೆಯನ್ನು ಕಟ್ಟಿಕೊಂಡು ಬಸ್ ಹತ್ತಿದೆ. ಶಕ್ತಿ ಯೋಜನೆಯಲ್ಲಿ ನನಗೆ ಪುಕ್ಕಟೆ, ಮದ್ದಳೆಗೆ ಲಗೇಜ್ ಟಿಕೆಟ್. ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾ, ‘ಯಾವ ಮೇಳ?’ ಅಂತ ಕೇಳಿದರು. ಶಾಲೆಯದ್ದು ಅಂದೆ. ‘ಒಂದು ಪೆಟ್ಟು ಹಾಕಿ ನೋಡುವಾ’ ಅಂದರು. ಹುಡುಗ ಹಾಕಿದ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಆಚಾರ್ರ ಮನೆ ರಸ್ತೆಯಿಂದ ಅರ್ಧ ಮೈಲಿ ಒಳಗೆ, ತೋಟದ ಅಂಚಿನಲ್ಲಿ. ಕಾರ್ಯಾಗಾರ ಅಂದರೆ ದೊಡ್ಡ ಹೆಸರಾಯಿತು. ಮನೆಯ ಪಕ್ಕಕ್ಕೆ ಇಳಿಸಿದ ತಗಡಿನ ಮಾಡು, ಮೂರು ಕಡೆ ಗೋಡೆ ಇಲ್ಲ. ಕೆಳಗೆ ಉಳಿ, ಬಾಚಿ, ಕೊಡತಿ, ಒಂದು ಅರೆಯುವ ಕಲ್ಲು. ಮೂಲೆಯಲ್ಲಿ ಒರಟಾಗಿ ಕೊರೆದಿಟ್ಟ ಏಳೆಂಟು ಹಲಸಿನ ತುಂಡು, ಎರಡೂ ತುದಿಗೆ ಸಗಣಿ ಬಳಿದದ್ದು. ಬೇಗ ಒಣಗಿದರೆ ಮರ ಸೀಳುತ್ತದೆ, ಹಾಗಾಗಿ ತುದಿ ಮುಚ್ಚಿ ನೆರಳಲ್ಲಿ ತಿಂಗಳುಗಟ್ಟಲೆ ಇಡುತ್ತಾರಂತೆ. ಒಂದು ತುಂಡನ್ನು ತೋರಿಸಿ, ಇದು ಎರಡು ಮಳೆಗಾಲ ಕಂಡಿದೆ ಅಂದರು. ನನ್ನ ಕಣ್ಣು ನಾವು ತಂದಿದ್ದ ಪಾಲಿಶ್ ಮದ್ದಳೆಯ ಕಡೆ ಹೋಯಿತು. ಅದು ಒಂದೇ ಮಳೆಗಾಲಕ್ಕೆ ಶರಣಾಗಿತ್ತು.

ಅವರು ನಮ್ಮ ಮದ್ದಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಾರಿಸಲಿಲ್ಲ. ಬೆರಳ ಗೆಣ್ಣಿನಿಂದ ಮರವನ್ನು ಅಲ್ಲಲ್ಲಿ ತಟ್ಟಿದರು, ಬಿರುಕಿನ ಹತ್ತಿರ ಉಗುರು ಹಾಕಿ ಕೆರೆದರು. ಉಗುರಿನಲ್ಲಿ ಹಳದಿ ಪುಟ್ಟಿ ಬಂತು. ಬಿರುಕು ಮಳೆಯಲ್ಲಿ ಬಿಟ್ಟದ್ದಲ್ಲ, ಬರುವಾಗಲೇ ಇತ್ತು, ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು. ಉಳಿದಿದ್ದ ಕರಣೆಯನ್ನು ಮೂಸಿ ನೋಡಿ ನನ್ನ ಕಡೆ ಹಿಡಿದರು. ಅಂಟಿನ ವಾಸನೆ. ‘ಇದು ಮದ್ದಳೆ ಅಲ್ಲ ಅಕ್ಕೋರೆ, ಮದ್ದಳೆ ವೇಷ’ ಅಂದರು. ಮಕ್ಕಳು ನಕ್ಕರು. ನನಗೆ ನಗಲು ಆಗಲಿಲ್ಲ, ಸ್ವೀಕರಿಸಿದ ರಸೀದಿಗೆ ಸಹಿ ಹಾಕಿದವಳು ನಾನೇ.

ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: ‘ಭಾಗವತಿಕೆ ಯಾರದ್ದು? ಶ್ರುತಿ ಎಷ್ಟು?’

ಮಾನ್ಯರೇ, ಈ ಪತ್ರದಲ್ಲಿ ತಾವು ಒಂದೇ ಸಾಲು ಓದುವುದಾದರೆ ಇದನ್ನು ಓದಿ. ಮದ್ದಳೆ ಕುರ್ಚಿಯ ಹಾಗಲ್ಲ. ಯಾರ ಭಾಗವತಿಕೆಗೆ, ಅಂದರೆ ಯಕ್ಷಗಾನದ ಹಾಡಿಗೆ, ಬಾರಿಸುತ್ತೇವೋ ಅವರ ಶ್ರುತಿಗೆ, ಅಂದರೆ ಅವರು ಹಿಡಿದ ಆಧಾರ ಸ್ವರಕ್ಕೆ, ಕೂರಬೇಕು. ದೊಡ್ಡ ಭಾಗವತರು ಕಪ್ಪು ಎರಡರಲ್ಲಿ (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡಿದರೆ ಅದಕ್ಕೆ ಒಂದು ಮದ್ದಳೆ. ನಮ್ಮ ಶಾಲೆಯಲ್ಲಿ ಹಾಡುವುದು ಹತ್ತನೇ ಕ್ಲಾಸಿನ ಹುಡುಗಿ. ಅವಳ ದನಿ ಅದಕ್ಕಿಂತ ಎಷ್ಟೋ ಮೇಲೆ. ಅವಳಿಗೆ ಬಲಗಡೆಯ ಬಾಯಿ ಚಿಕ್ಕದಾಗಿರುವ ಮದ್ದಳೆ ಬೇಕು. ಕಚೇರಿಯ ನಮೂನೆಯನ್ನು ನಾನು ಆಮೇಲೆ ತೆಗೆದು ನೋಡಿದೆ. ಉದ್ದ ಇತ್ತು, ಅಗಲ ಇತ್ತು, ಬಣ್ಣ ಇತ್ತು, ಸಂಖ್ಯೆ ಇತ್ತು. ಶ್ರುತಿ ಎಷ್ಟು ಎಂದು ಕೇಳುವ ಕಾಲಂ ಇರಲಿಲ್ಲ. ಅಂದರೆ ಆ ಅಂಗಡಿಯವರು ಒಳ್ಳೆಯ ಮದ್ದಳೆಯನ್ನೇ ಕಳಿಸಿದ್ದರೂ ನಮ್ಮ ಹುಡುಗಿಯ ಹಾಡಿಗೆ ಅದು ಕೂರುವುದು ಅದೃಷ್ಟದ ಮಾತಾಗಿತ್ತು.

ನಾವು ಹೋದ ದಿನ ಅವರು ಬೇರೆ ಯಾರದೋ ಮದ್ದಳೆಗೆ ಕರಣೆ ಹಾಕುತ್ತಿದ್ದರು. ಮಕ್ಕಳಿಗೆ ತೋರಿಸಿ ಅಂದೆ. ಎರಡು ಗಂಟೆ ಕೂತೆವು, ಮುಗಿಯಲಿಲ್ಲ. ಕಬ್ಬಿಣದ ಕಿಟ್ಟವನ್ನು ಕುಟ್ಟಿ, ಬಟ್ಟೆಯಲ್ಲಿ ಜಾಲಿಸಿದ ನುಣ್ಣನೆ ಪುಡಿ. ಅದಕ್ಕೆ ಅನ್ನ. ಎರಡನ್ನೂ ಕಲ್ಲಿನ ಮೇಲೆ ಅರೆದು ಅರೆದು ಕರಿ ಕಣಕದ ಹಾಗೆ ಮಾಡಿಕೊಂಡಿದ್ದರು. ಅದರಿಂದ ಸ್ವಲ್ಪವೇ ಸ್ವಲ್ಪ ತೆಗೆದು ಮುಚ್ಚಿಗೆಯ ನಡುವೆ ತೆಳ್ಳಗೆ ಸವರುತ್ತಾರೆ. ಆಮೇಲೆ ಒಂದು ನುಣುಪು ಕಲ್ಲು, ಹೊಳೆಯಲ್ಲಿ ಸಿಕ್ಕಿದ್ದಂತೆ, ಅಪ್ಪನ ಕಾಲದ್ದು. ಅದರಿಂದ ತಿಕ್ಕುತ್ತಾರೆ. ಒಣಗುವವರೆಗೆ ತಿಕ್ಕುತ್ತಲೇ ಇರಬೇಕು. ಒಂದು ಪದರ ಮುಗಿದ ಮೇಲೆ ತಟ್ಟಿ, ಕಿವಿ ಕೊಟ್ಟು, ಮುಂದಿನ ಪದರ. ಅಂಚಿನಲ್ಲಿ ತೆಳು, ನಡುವೆ ದಪ್ಪ. ಕೊನೆಗೆ ಕರಣೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರಿ ಮೂಡುತ್ತದೆ. ಆ ಬಿರಿ ಇದ್ದರೇ ಕರಣೆ ಚರ್ಮದ ಜೊತೆ ಅಲುಗುವುದು, ನಾದ ಬಿಡುವುದು. ‘ಕರಣೆ ಬಿರೀಬೇಕು, ಉದುರಬಾರದು’ ಅಂದರು. ನಮ್ಮ ಹುಡುಗ ಅಷ್ಟು ಹೊತ್ತು ಒಂದು ಮಾತೂ ಆಡದೆ ಕೂತಿದ್ದನ್ನು ನಾನು ಕ್ಲಾಸಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಡೆಗೆ ಅವನಿಗೂ ಕಲ್ಲು ಕೊಟ್ಟರು. ನಾಲ್ಕು ನಿಮಿಷದಲ್ಲಿ ರಟ್ಟೆ ನೋವು ಅಂದ.

ಇಂಥವರ ಕೊಟೇಶನ್ ಜಿಎಸ್‌ಟಿ ನಂಬರ್ ಇಲ್ಲ ಎಂದು ವಾಪಸ್ ಬಂದದ್ದು. ನಾನು ಕನ್ನಡ ಮೇಷ್ಟ್ರು, ತೆರಿಗೆ ನನ್ನ ವಿಷಯವಲ್ಲ. ಆದರೆ ಕುಮಟೆಯಲ್ಲಿ ಲೆಕ್ಕಪತ್ರ ಬರೆಯುವ ನನ್ನ ತಮ್ಮ ಇದನ್ನು ಕೇಳಿ ನಕ್ಕುಬಿಟ್ಟ. ಕೈಯಲ್ಲಿ ಮಾಡಿದ ದೇಶಿ ವಾದ್ಯಗಳಿಗೆ ಜಿಎಸ್‌ಟಿಯೇ ಇಲ್ಲ ಅಂದ. 2017ರಿಂದಲೇ ವಿನಾಯಿತಿ ಇದೆ. ಪಟ್ಟಿಯಲ್ಲಿ ನೂರಕ್ಕೂ ಜಾಸ್ತಿ ವಾದ್ಯಗಳ ಹೆಸರಿವೆ, ಚಂಡೆಯಂಥ ಚರ್ಮವಾದ್ಯಗಳೂ ಇವೆ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವನು ನೋಂದಣಿಯನ್ನೇ ಮಾಡಿಸಬೇಕಿಲ್ಲ, ಕೇಂದ್ರ ಜಿಎಸ್‌ಟಿ ಕಾಯ್ದೆಯ 23ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅದೂ ಸಾಲದಿದ್ದರೆ, ನಮ್ಮ ರಾಜ್ಯದಲ್ಲಿ ಬರೀ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. 40 ಲಕ್ಷದ ಮಾತು ಹೇಳಿದಾಗ ಆಚಾರ್ರು ತಿಕ್ಕುವ ಕಲ್ಲನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಸರ್ಕಾರವೇ ತೆರಿಗೆ ಬೇಡ ಎಂದು ಬಿಟ್ಟ ವಸ್ತುವಿಗೆ ಸರ್ಕಾರದ ಕಚೇರಿಯೇ ತೆರಿಗೆ ನಂಬರ್ ಕೇಳುತ್ತದೆ. ವಿನಾಯಿತಿ ಕೊಟ್ಟದ್ದು ಇಂಥ ಕಸುಬಿನವರಿಗೆ ಅನುಕೂಲ ಆಗಲಿ ಅಂತ ಅಲ್ವಾ? ಅದೇ ವಿನಾಯಿತಿ ಇಲ್ಲಿ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ನಂಬರ್ ಇದ್ದ ಅಂಗಡಿ ಎರಡು ಸಾವಿರ ರೂಪಾಯಿ ಕಡಿಮೆಗೂ ಕೊಟ್ಟಿತು, ಹಾಗಾಗಿ ಕಡತದಲ್ಲಿ ಉಳಿತಾಯ ಅಂತ ದಾಖಲಾಗಿದೆ. ಆ ಉಳಿತಾಯ ಈಗ ಕಪಾಟಿನ ಮೇಲಿಂದ ಇಳಿದು ನನ್ನ ಜೊತೆ ಬಸ್ಸಿನಲ್ಲಿ ಬಂದಿತ್ತು.

ಇನ್ನೊಂದು ಸಂಗತಿ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಒಳ್ಳೆಯ ಯೋಜನೆ. ಉಪಕರಣ ಕೊಳ್ಳಲು 15 ಸಾವಿರ, ತರಬೇತಿಗೆ ಹೋದರೆ ದಿನಕ್ಕೆ 500 ರೂಪಾಯಿ, ಶೇ 5ರ ಬಡ್ಡಿಗೆ ಸಾಲ, ಮೊದಲು 1 ಲಕ್ಷ, ಆಮೇಲೆ 2 ಲಕ್ಷ. ಆಚಾರ್ರೂ ಅರ್ಜಿ ಹಾಕಲು ಹೋಗಿದ್ದರಂತೆ. ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ ಇದ್ದಾರೆ, ದೋಣಿ ಮಾಡುವವರು, ಕುಂಬಾರರು, ಚಮ್ಮಾರರು, ಹೂ ಕಟ್ಟುವವರು, ಮೀನಿನ ಬಲೆ ಹೆಣೆಯುವವರು ಎಲ್ಲ ಇದ್ದಾರೆ. ವಾದ್ಯ ಮಾಡುವವರು ಇಲ್ಲ. ‘ಮರದ ಕೆಲಸ ನಂದೇ, ಚರ್ಮದ ಕೆಲಸ ನಂದೇ. ಬಡಗಿ ಅಂತ ಬರೀಲೋ, ಚಮ್ಮಾರ ಅಂತ ಬರೀಲೋ ಅಂತ ಆ ಹುಡುಗನ ಹತ್ರ ಕೇಳಿದೆ. ಅವನೂ ಪಾಪ, ಎಂತ ಹೇಳ್ತಾನೆ?’ ಅಂದರು. ಬಡಗಿ ಎಂದು ಬರೆಸಿದರೆ ಬಾಗಿಲು, ಕಿಟಕಿ ಮಾಡುವ ತರಬೇತಿಗೆ ಕೂರಬೇಕು. ಅದು ಅವರಿಗೆ ಬಾರದ ಕೆಲಸವಲ್ಲ. ಅದನ್ನು ಬಿಟ್ಟು ಇದಕ್ಕೆ ಕೂತವರು ಅವರು. ಈ ಪಟ್ಟಿ ದಿಲ್ಲಿಯಲ್ಲಿ ಆದದ್ದು, ತಾವು ಬದಲಿಸಲಾರಿರಿ, ಗೊತ್ತು. ಆದರೆ ಜಿಲ್ಲೆಯಿಂದ ಒಂದು ಪತ್ರ ಹೋಗಬಹುದಲ್ಲ.

ಮರದ ಕಥೆ ಬೇರೆಯೇ ಇದೆ. ನಮ್ಮದು ಬಹುಪಾಲು ಕಾಡಿನ ಜಿಲ್ಲೆ, ಮರ ಕಡಿಯಲು ಕಟ್ಟುನಿಟ್ಟು ಇರಲೇಬೇಕು. ಅದರ ಬಗ್ಗೆ ನನಗೆ ತಕರಾರಿಲ್ಲ, ಆಚಾರ್ರಿಗೂ ಇಲ್ಲ. ಅವರಿಗೆ ಬೇಕಾದದ್ದು ವರ್ಷಕ್ಕೆ ಹೆಚ್ಚೆಂದರೆ ಎರಡು ಹಲಸಿನ ಮರ. ಅದೂ ಬಲಿತದ್ದು, ಕಾಯಿ ಬಿಡುವುದು ನಿಂತದ್ದು. ಯಾರದ್ದೋ ಹಿತ್ತಲಿನಲ್ಲಿ ಮರ ಸಿಕ್ಕಿದರೆ ಕಡಿಯಲು ಒಂದು ಅರ್ಜಿ, ಸಾಗಿಸಲು ಒಂದು ಪಾಸ್, ಅದಕ್ಕೆ ನಾಲ್ಕು ಸಲ ಓಡಾಟ. ಹಿತ್ತಲಿನವರು ಈ ಓಡಾಟ ಯಾರಿಗೆ ಬೇಕು ಎಂದು ಮಿಲ್ಲಿನವರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಗಾಳಿಗೆ ಬಿದ್ದ, ರಸ್ತೆಗೆಂದು ಕಡಿದ ಮರಗಳು ನಾಟಾ ಡಿಪೋಕ್ಕೆ ಹೋಗಿ ಲಾಟ್ ಲೆಕ್ಕದಲ್ಲಿ ಹರಾಜಾಗುತ್ತವೆ. ಒಂದು ಲಾಟ್ ಕೊಳ್ಳುವ ತಾಕತ್ತು ಇವರಿಗೆಲ್ಲಿ? ಹೆದ್ದಾರಿ ಅಗಲ ಮಾಡುವಾಗ ಹೊನ್ನಾವರದಿಂದ ಆಚೆ ಈಚೆ ಸಾಲಾಗಿ ಮಲಗಿದ್ದ ಮರಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋದದ್ದನ್ನು ಅವರು ಬೇಸರವೂ ಇಲ್ಲದ ದನಿಯಲ್ಲಿ ಹೇಳಿದರು. ಎಣಿಸುತ್ತಾ ಹೋದರಂತೆ, ಇದರಲ್ಲಿ ಎರಡು ಮದ್ದಳೆ, ಇದರಲ್ಲಿ ಮೂರು.

ಚರ್ಮದ ಬಗ್ಗೆ ಅವರು ಜಾಸ್ತಿ ಮಾತಾಡಲಿಲ್ಲ. ಈಗ ಹೊರಗಿಂದ ತರಿಸಬೇಕು, ದುಬಾರಿ, ಚರ್ಮದ ಗಂಟು ಹಿಡಿದು ಬಸ್ ಹತ್ತಲು ಹೆದರಿಕೆ ಆಗುತ್ತದೆ ಅಂದರು. ‘ಬಿಲ್ಲು ತೋರಿಸ್ದ್ರೂ ದಾರಿಯಲ್ಲಿ ಕೇಳುವವರು ಓದೂದಿಲ್ಲ’ ಅಂದು ಮತ್ತೆ ತಿಕ್ಕಲು ಶುರು ಮಾಡಿದರು. ನಾನೂ ಒತ್ತಾಯ ಮಾಡಲಿಲ್ಲ. ಹೆಸರು ಬರೆಯುವುದು ಬೇಡ ಅಂದದ್ದು ಈ ಮಾತಿನ ಬೆನ್ನಿಗೇ.

ಮಗ ಏನು ಮಾಡುತ್ತಾನೆ ಎಂದು ಕೇಳಬಾರದಿತ್ತು, ಕೇಳಿದೆ. ಗೋವಾದಲ್ಲಿ ಇದ್ದಾನಂತೆ, ಹೋಟೆಲುಗಳ ಒಳಗಿನ ಪ್ಲೈವುಡ್ ಕೆಲಸ. ಚೌತಿಗೆ ಬಂದಾಗ ಎರಡು ದಿನ ಅಪ್ಪನ ಜೊತೆ ಕೂತು ಬಾರು ಎಳೆಯುತ್ತಾನೆ. ಮುಚ್ಚಿಗೆ ಹಾಕಲು ಬರುತ್ತದೆ, ಕರಣೆಗೆ ಕಿವಿ ಇನ್ನೂ ಕೂತಿಲ್ಲ ಅಂದರು.

ಗೋವಾ ಅಂದಾಗ ಇನ್ನೊಂದು ನೆನಪಾಯಿತು. ಹೋದ ಸುಗ್ಗಿಗೆ ಅಂಕೋಲೆ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯ ಮನೆಗೆ ಹೋಗಿದ್ದೆ. ಹಾಲಕ್ಕಿ ಒಕ್ಕಲಿಗರ ಕೇರಿ. ಸುಗ್ಗಿಗೆ ಗುಮಟೆ ಬೇಕೇ ಬೇಕು. ಎರಡೂ ಕಡೆ ಬಾಯಿ ಇರುವ ಮಣ್ಣಿನ ಮಡಕೆ, ದೊಡ್ಡ ಬಾಯಿಗೆ ಚರ್ಮ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿದೆ, ನಿಲ್ಲಬೇಕಾದದ್ದೇ. ಈಗ ಆಡಿನ ಚರ್ಮ. ನಾದ ಸ್ವಲ್ಪ ಬೇರೆ ಎಂದು ಹಿರಿಯರು ಗೊಣಗುತ್ತಾರೆ, ಬಾರಿಸುತ್ತಾರೆ. ಆದರೆ ಆ ಆಕಾರದ ಮಡಕೆ ಮಾಡುವ ಕುಂಬಾರರು ಹತ್ತಿರದಲ್ಲಿ ಇಲ್ಲ. ಕಳೆದ ವರ್ಷ ಒಡೆದ ಗುಮಟೆಯ ಬದಲಿಗೆ ಈ ವರ್ಷ ಗಡಿ ದಾಟಿ ಹೋಗಿ ತಂದಿದ್ದರು. ಕಾಳಿ ನದಿಯ ಆಚೆ ಸ್ವಲ್ಪ ದೂರ ಹೋದರೆ ಅದೇ ವಾದ್ಯಕ್ಕೆ ಘುಮಟ್ ಎಂದು ಹೆಸರು, ಗೋವಾ ಸರ್ಕಾರ 2019ರಲ್ಲಿ ಅದನ್ನು ತನ್ನ ಪಾರಂಪರಿಕ ವಾದ್ಯ ಎಂದು ಘೋಷಿಸಿತು. ನಮ್ಮ ಬಡಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ಶಾಲೆಯಲ್ಲಿ ಸಿಹಿ ಹಂಚಿದೆವು. ಸಿರ್ಸಿ ಅಡಿಕೆಗೆ ಜಿಐ (ಭೌಗೋಳಿಕ ಗುರುತು) ಬಂತು, ಅಂಕೋಲೆಯ ಕರಿ ಈಶಾಡಿ ಮಾವಿಗೂ ಬಂತು, ಆಗಲೂ ಖುಷಿಪಟ್ಟೆವು. ಈ ಸಾಲಿನಲ್ಲಿ ಮದ್ದಳೆಗೆ ಮುಚ್ಚಿಗೆ ಹಾಕುವವರ, ಗುಮಟೆಯ ಮಡಕೆ ಸುಡುವವರ ಹೆಸರು ಎಲ್ಲೂ ಬರಲಿಲ್ಲ. ಅವರು ಅದನ್ನು ಕೇಳಿಯೂ ಇಲ್ಲ. ಕೇಳುತ್ತಿರುವುದು ನಾನು, ಅದೂ ಪ್ರಶಸ್ತಿಯನ್ನಲ್ಲ, ಕೆಲಸವನ್ನು.

ಹಾಗಾಗಿ ನನ್ನ ಕೋರಿಕೆ ಇಷ್ಟು.

ಮೊದಲನೆಯದು ದುಡ್ಡು ಬೇಡುವುದಿಲ್ಲ, ಒಂದು ಸುತ್ತೋಲೆ ಸಾಕು. ಜಿಲ್ಲೆಯ ಯಾವುದೇ ಶಾಲೆ, ಹಾಸ್ಟೆಲ್, ಇಲಾಖೆ ಕೈಯಲ್ಲಿ ಮಾಡಿದ ವಾದ್ಯ ಕೊಳ್ಳುವಾಗ ಮಾಡುವವರ ಹತ್ತಿರ ಜಿಎಸ್‌ಟಿ ನಂಬರ್ ಕೇಳಬೇಕಿಲ್ಲ, ಸಹಿ ಹಾಕಿದ ಸಾದಾ ಬಿಲ್ ಸಾಕು ಎಂದು ತಮ್ಮ ಕಚೇರಿಯಿಂದ ಸ್ಪಷ್ಟ ಮಾಡಿ. ಗುಮಾಸ್ತರು ಹೆದರುವುದು ಆಡಿಟ್‌ಗೆ. ಮೇಲಿನಿಂದ ಒಂದು ಕಾಗದ ಇದ್ದರೆ ಅವರೂ ನಿಶ್ಚಿಂತರಾಗಿ ಸಹಿ ಹಾಕುತ್ತಾರೆ. ಅದೇ ಕಾಗದದಲ್ಲಿ ಇನ್ನೆರಡು ಸಾಲು ಸೇರಿಸಿ: ವಾದ್ಯದ ನಮೂನೆಯಲ್ಲಿ ಶ್ರುತಿ ಬರೆಯಬೇಕು, ಮತ್ತು ಬಾರಿಸಬಲ್ಲ ಒಬ್ಬರು ನೋಡಿ ಒಪ್ಪಿದ ಮೇಲೆಯೇ ಹಣ ಕೊಡಬೇಕು. ನಮ್ಮ ತಾಲೂಕಿನಲ್ಲಿ ಮದ್ದಳೆ ನೋಡಿ ಹೇಳುವವರಿಗೆ ಬರವಿಲ್ಲ. ಬಸ್ ಕಂಡಕ್ಟರೂ ಹೇಳುತ್ತಾರೆ.

ದುರಸ್ತಿಗೂ ಒಂದು ದಾರಿ ಆಗಬೇಕು. ಕೊಳ್ಳಲು ಹಣ ಬರುತ್ತದೆ, ಮುಚ್ಚಿಗೆ ಬದಲಿಸಲು ಯಾವ ಲೆಕ್ಕಶೀರ್ಷಿಕೆಯಲ್ಲೂ ಜಾಗ ಇಲ್ಲ. ಚರ್ಮದ ವಾದ್ಯ ಅಂದರೆ ಬಾರಿಸಿದಷ್ಟೂ ಸವೆಯುವಂಥದ್ದು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಊರಿನ ಕುಶಲಕರ್ಮಿಯ ಹತ್ತಿರ ಸರಿ ಮಾಡಿಸಲು ಸಣ್ಣ ಮೊತ್ತ ಇಡಿ. ಕೆಟ್ಟು ಮೂಲೆ ಸೇರಿದ ವಾದ್ಯಗಳು ಎಷ್ಟು ಶಾಲೆಯ ಕಪಾಟಿನ ಮೇಲಿವೆ ಎಂದು ಒಮ್ಮೆ ಲೆಕ್ಕ ತರಿಸಿ ನೋಡಿ. ನಮ್ಮದೊಂದೇ ಆಗಿದ್ದರೆ ಈ ಪತ್ರಕ್ಕೆ ಕ್ಷಮೆ ಕೇಳುತ್ತೇನೆ.

ಇನ್ನು ಗುರುತಿನ ಮಾತು. ಕೇಂದ್ರದ ಕರಕುಶಲ ಇಲಾಖೆ ಕೊಡುವ ಕುಶಲಕರ್ಮಿ ಗುರುತಿನ ಚೀಟಿ ಇದೆ. ಕಾರವಾರಕ್ಕೂ ಬೆಂಗಳೂರಿಗೂ ಓಡಾಡಿ ಅದನ್ನು ಮಾಡಿಸುವಷ್ಟು ಬಿಡುವು ಇವರಿಗಿಲ್ಲ. ಹೊನ್ನಾವರ ಅಥವಾ ಕುಮಟೆಯಲ್ಲಿ ಒಂದು ದಿನ, ಘಟ್ಟದ ಮೇಲಿನವರಿಗೆ ಸಿರ್ಸಿಯಲ್ಲಿ ಒಂದು ದಿನ, ಹಳಿಯಾಳ, ಯಲ್ಲಾಪುರ ಕಡೆ ಡಮಾಮಿ ಎಂಬ ಚರ್ಮವಾದ್ಯ ಬಾರಿಸುವ ಸಿದ್ದಿ ಸಮುದಾಯದವರ ನಡುವೆ ಒಂದು ದಿನ ಶಿಬಿರ ಹಾಕಿಸಿ. ಮದ್ದಳೆ, ಚಂಡೆ, ಗುಮಟೆ, ಡಮಾಮಿ ಮಾಡುವವರ ಒಂದು ಪಟ್ಟಿಯಾದರೂ ಜಿಲ್ಲೆಯ ಹತ್ತಿರ ಇರಲಿ. ಚರ್ಮದ ಗಂಟು ಹಿಡಿದು ದಾರಿಯಲ್ಲಿ ನಿಂತಾಗ ತೋರಿಸಲು ಅವರಿಗೆ ಸರ್ಕಾರದ ಮುದ್ರೆ ಇರುವ ಒಂದು ಚೀಟಿ ಬೇಕು. ಆ ಪಟ್ಟಿಯಲ್ಲಿ ಇದ್ದವರಿಗೆ ಡಿಪೋದಲ್ಲಿ ಲಾಟ್ ಹಂಗಿಲ್ಲದೆ ಒಂದೆರಡು ಹಲಸಿನ ದಿಮ್ಮಿ ನಿಗದಿ ಬೆಲೆಗೆ ಸಿಗುವಂತೆ ಅರಣ್ಯಾಧಿಕಾರಿಗಳ ಜೊತೆ ಮಾತಾಡಲು ಸಾಧ್ಯವೇ ನೋಡಿ. ಬಿದ್ದ ಮರ ಸಾಕು. ನಿಂತ ಮರ ಯಾರೂ ಕೇಳುತ್ತಿಲ್ಲ.

ಒಂದು ಸಣ್ಣ ಕೋರಿಕೆ ನಮ್ಮ ಸಂಘಟಕರಿಗೂ ಇದೆ, ಪತ್ರ ಬಹಿರಂಗವಾದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಆಟದ ದಿನ ಕಲಾವಿದರಿಗೆ, ದಾನಿಗಳಿಗೆ, ಮೈಕಿನವರಿಗೂ ಶಾಲು ಹೊದೆಸುತ್ತೀರಿ. ಶಾಲು ಬೇಡ. ಮುಚ್ಚಿಗೆ ಹಾಕಿಸಿದ ಬಾಕಿಯನ್ನು ಆ ಹಂಗಾಮಿನಲ್ಲೇ ಕೊಡಿ. ಆಚಾರ್ರ ಗೋಡೆಯ ಕ್ಯಾಲೆಂಡರಿನಲ್ಲಿ ಬಾಕಿಯವರ ಹೆಸರು ಬರೆದಿದ್ದರು. ಓದಬಾರದಿತ್ತು, ಆದರೆ ಮೇಷ್ಟ್ರ ಕಣ್ಣು, ಬರೆದದ್ದೆಲ್ಲ ಓದುತ್ತದೆ. ಎರಡು ಹೆಸರು ನನ್ನ ಪರಿಚಯದವರದ್ದೇ.

ಆ ಪಾಲಿಶ್ ಮದ್ದಳೆ ಸರಿ ಆಗುವುದಿಲ್ಲ ಎಂದು ಆಚಾರ್ರು ಕೈ ಎತ್ತಿದರು. ನಮ್ಮ ಹುಡುಗಿಯನ್ನು ಮುಂದಿನ ಭಾನುವಾರ ಕರೆದುಕೊಂಡು ಬನ್ನಿ ಅಂದರು. ಹೋದೆವು. ಅವಳು ಅಂಗಳದಲ್ಲಿ ಚಪ್ಪಲಿ ಬಿಟ್ಟು, ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಒಂದು ಪದ್ಯ ಹಾಡಿದಳು. ಅವರು ಎರಡು ಮಳೆಗಾಲ ಕಂಡ ಆ ತುಂಡನ್ನು ಎಳೆದು ಬಾಯಿಯ ಅಳತೆ ಹಿಡಿದರು. ಮುಂಗಡ ನಾನೇ ಕೊಟ್ಟೆ, ಪಿಂಚಣಿಯಿಂದ. ಉಳಿದದ್ದನ್ನು ಶಾಲೆಯವರು ಕೊಡಬೇಕು, ಕೊಡಲು ಅವರಿಗೂ ಮನಸ್ಸಿದೆ, ದಾರಿ ಇಲ್ಲ.

ಬಿಲ್ಲಿನ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಅವರ ಹೆಸರಿನ ಮೇಲೆ ಮಾತ್ರ ಚೀಟಿ ಅಂಟಿಸಿದ್ದೇನೆ, ಮೂಲ ಪ್ರತಿ ತಮಗೆ ಬೇರೆ ಲಕೋಟೆಯಲ್ಲಿ ತಲುಪುತ್ತದೆ. ಎಕ್ಸರ್‌ಸೈಜ್ ಪುಸ್ತಕದ ಹಾಳೆ, ನೀಲಿ ಶಾಯಿ, ಬಲ ಮೂಲೆಯಲ್ಲಿ ಕರಣೆಯ ಕರಿ ಬೆರಳಿನ ಗುರುತು. ‘ಮದ್ದಳೆ ಒಂದು, ಶಾಲೆಯ ಹುಡುಗಿಯ ಶ್ರುತಿಗೆ’ ಎಂದು ಬರೆದಿದ್ದಾರೆ. ಜಿಎಸ್‌ಟಿ ನಂಬರ್ ಇಲ್ಲ. ಇದು ಯಾವ ಲೆಕ್ಕದಲ್ಲಿ, ಯಾರ ಸಹಿಯಿಂದ ಪಾಸಾಗುತ್ತದೆ ಎಂದು ತಮ್ಮ ಕಚೇರಿಯಿಂದ ಶಾಲೆಗೆ ಒಂದು ಸಾಲು ಬರೆದು ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ಹೊನ್ನಾವರ ತಾಲೂಕು.